ಸಿದ್ದೇಗೌಡನಿಗೆ ಬಂದಿದ್ದ ಜಾಗ

ಸಿದ್ದೇಗೌಡ, ಮೈಸೂರಿನ ಕಾಲೇಜಿನಲ್ಲಿ ಆ ಜಾಗ ಬಂದದ್ದು ನಿನಗೆ. ನಾನು ಅದನ್ನು ನಿನ್ನಿಂದ ಮುಚ್ಚಿಟ್ಟು ನನ್ನ ಮಗನಿಗೆ ಕೊಟ್ಟೆ. ನಿನಗೆ ಗೊತ್ತಿರುವುದು ಅರ್ಧ ಮಾತ್ರ — ನಿನಗೊಂದು ಬುದ್ಧಿ, ಮಗನಿಗೊಂದು ಬುದ್ಧಿ ಹೇಳಿದೆನೆಂದು. ಉಳಿದರ್ಧವನ್ನು ಇಷ್ಟು ವರ್ಷ ನಾನೊಬ್ಬನೇ ಇಟ್ಟುಕೊಂಡು ಕೂತಿದ್ದೆ.

ಮೂವತ್ತರ ದಶಕದ ನಡುವಿನ ಮಾತು. ನಾನಾಗ ಮಂಡ್ಯದಲ್ಲಿ ಹೈಸ್ಕೂಲು ಮೇಷ್ಟ್ರು, ಚರಿತ್ರೆ ಕಲಿಸುತ್ತಿದ್ದೆ. ನೀನು ಪೂರಿಗಾಲಿಯ ಮಾದೇಗೌಡರ ಮಗ, ಹೊಳಲಿನ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಸ್ಕೂಲಿಗೆ ನಡೆದು ಬರುತ್ತಿದ್ದ ಹುಡುಗ. ನಾಲೆಯ ನೀರು ಬಂದ ಹೊಸತು, ಸಕ್ಕರೆ ಕಾರ್ಖಾನೆ ಎದ್ದ ಹೊಸತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಬ್ಬು ನಿಂತಿತ್ತು. ಎಲ್ಲರ ಬಾಯಲ್ಲೂ ಕಾರ್ಖಾನೆ, ಯಂತ್ರ, ಸಂಬಳ. ಅಂಥ ಕಾಲದಲ್ಲಿ ನೀನು ಹಿಂದಿನ ಬೆಂಚಿನಿಂದ ಎದ್ದು ಕೇಳುತ್ತಿದ್ದೆ: "ಅದು ನಿಜ ಅಂತ ಎಂಗ್ ಗೊತ್ತು ಸಾ?"

ಯಾವುದೋ ರಾಜನನ್ನು ಪ್ರಜೆಗಳು ತಂದೆಯಂತೆ ಪ್ರೀತಿಸುತ್ತಿದ್ದರೆಂದು ಒಂದು ದಿನ ಪುಸ್ತಕದಿಂದ ಓದಿದೆ. ನೀನು ಎದ್ದು ನಿಂತೆ. "ಅದ ಬರ್ದೋರ್ ಯಾರು ಸಾ? ಪ್ರಜೆಗಳೋ, ರಾಜನ್ ಮನೇಲಿ ಉಣ್ತಿದ್ದೋರೋ?" ತರಗತಿಯೆಲ್ಲ ನಕ್ಕಿತು. ನಾನು ಪುಸ್ತಕ ಮುಚ್ಚಿದೆ. ಗಂಟೆ ಹೊಡೆಯುವವರೆಗೂ ಅದೊಂದೇ ಮಾತನ್ನು ಹಿಡಿದು ಚರ್ಚಿಸಿದೆವು. ಆಮೇಲೆ ನೀನು ಭಾನುವಾರಗಳಲ್ಲಿ ನಮ್ಮ ಮನೆಗೆ ಬರತೊಡಗಿದೆ. ಜಗಲಿಯ ಮೇಲೆ ಕೂತು ನನ್ನ ಬಿ.ಎ. ಪುಸ್ತಕಗಳನ್ನು ಓದುತ್ತಿದ್ದೆ — ಚರಿತ್ರೆ, ತರ್ಕ, ಕಾವ್ಯ. ಒಳಗೆ ಬಾ ಎಂದು ನಿನ್ನನ್ನು ಕರೆಯಲಿಲ್ಲ ನಾನು. ಅದೂ ಈಗ ನೆನಪಾಗುತ್ತದೆ.

ಮೈಸೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನ್ನ ಹಳೆಯ ಸಹಪಾಠಿಗೆ ನಿನ್ನ ವಿಷಯ ಹೆಮ್ಮೆಯಿಂದ ಹೇಳಿದ್ದೆ. ನೀನು ಹೈಸ್ಕೂಲು ಮುಗಿಸಿದ ಬೇಸಗೆಯಲ್ಲಿ ನಾನೂ ಹೋಗಿದ್ದ ಒಂದು ಮದುವೆಗೆ ಅವನು ಮದ್ದೂರಿಗೆ ಬಂದ. ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ, "ಆ ಪೂರಿಗಾಲಿ ಹುಡುಗನ್ನ ಕಳಿಸಯ್ಯ. ಊಟ, ವಸತಿ, ಫೀಜು ಎಲ್ಲ ನೋಡ್ಕೊಳ್ಳೋ ಪುಣ್ಯಾತ್ಮರೊಬ್ಬರು ಸಿಕ್ಕಿದ್ದಾರೆ. ಆದರೆ ಒಬ್ಬನಿಗೆ ಮಾತ್ರ" ಅಂದ. ನಾನು ಸಂತೋಷದಿಂದ ಒಪ್ಪಿದೆ. ನಿಜವಾಗಿಯೂ ಸಂತೋಷದಿಂದಲೇ.

ಆದರೆ ನನ್ನ ಮಗ ನರಸಿಂಹನೂ ಅದೇ ವರ್ಷ ಪಾಸಾಗಿದ್ದ. ಒಳ್ಳೆಯವನು, ಓದಿನಲ್ಲಿ ಸಾಧಾರಣ. ಅವನನ್ನು ಮೈಸೂರಿನಲ್ಲಿಟ್ಟು ಓದಿಸುವ ಶಕ್ತಿ ನನಗಿರಲಿಲ್ಲ. ಮದ್ದೂರಿನಿಂದ ಮಂಡ್ಯಕ್ಕೆ ರೈಲಿನಲ್ಲಿ ಬರುವಾಗ ಆ ಯೋಚನೆ ಹೊಕ್ಕಿತು. ಇಳಿಯುವ ಹೊತ್ತಿಗೆ ಬೇರೆ ಮನುಷ್ಯನಾಗಿದ್ದೆ — ಅಥವಾ ಒಳಗಿದ್ದವನೇ ಹೊರಗೆ ಬಂದನೋ. ಆ ವಾರವೇ ಮೈಸೂರಿಗೆ ಹೋಗಿ ಗೆಳೆಯನಿಗೆ ಹೇಳಿದೆ: "ಸಿದ್ದೇಗೌಡ ಮುಂದಕ್ಕೆ ಓದೋಲ್ಲವಂತೆ. ಕಾರ್ಖಾನೆಗೆ ಸೇರ್ತಾನಂತೆ." ಅವನು ನಂಬಿದ. ಜಾಗ ನರಸಿಂಹನದಾಯಿತು.

ಕೆಲವು ದಿನಗಳಲ್ಲಿ ನಿನ್ನ ತಂದೆ ನಿನ್ನನ್ನು ಕರೆದುಕೊಂಡು ಬಂದರು. "ಮೇಷ್ಟ್ರೇ, ನಮ್ಗೇನ್ ತಿಳ್ದದು. ಇವ್ನು ಮೈಸೂರ್ಗೋಗಿ ಬಿ.ಎ. ಓದ್ತೀನಿ ಅಂತವ್ನೆ. ಎತ್ತು ಮಾರಾದ್ರೂ ಓದುಸ್ತೀನಿ. ಒಳ್ಳೇದಾಯ್ತದೆ ಅಂತ ನೀವೊಂದ್ ಮಾತ್ ಅನ್ನಿ, ಸಾಕು."

ನೀನು ಮೈಸೂರಿಗೆ ಹೋದರೆ ಗೆಳೆಯನ ಕಣ್ಣಿಗೆ ಬೀಳುತ್ತೀಯ, ನನ್ನ ಸುಳ್ಳು ಹೊರಬೀಳುತ್ತದೆ. ಹಾಗಾಗಿ ಹೇಳಿದೆ: "ಗೌಡರೇ, ಚರಿತ್ರೆ, ತರ್ಕ ಓದಿದರೆ ಹೊಟ್ಟೆ ತುಂಬೋಲ್ಲ. ನನ್ನನ್ನೇ ನೋಡಿ. ಕಾರ್ಖಾನೆಗೆ ಸೇರಿಸಿ, ಕೆಲಸ ಕಲೀಲಿ."

ನೀನು ನನ್ನ ಮುಖ ನೋಡಿದೆ. ನಿನ್ನ ಆ ಪ್ರಶ್ನೆ ಈಗ ಬರುತ್ತದೆ ಎಂದು ಕಾದೆ. ರಾಜರನ್ನೂ ಪುಸ್ತಕಗಳನ್ನೂ ಬಿಡದೆ ಕೇಳಿದವನು ನನ್ನನ್ನು ಕೇಳಲಿಲ್ಲ. "ನೀವ್ ಯೋಳುದ್ ಮ್ಯಾಲೆ ಆಯ್ತು ಸಾ" ಅಂದೆ. ಅಷ್ಟೇ.

ಆ ಓದಿನ ಬೆಲೆ ನನಗೆ ಗೊತ್ತಿರಲಿಲ್ಲವೆಂದಲ್ಲ. ಪುರೋಹಿತರ ಮನೆಯಲ್ಲಿ ಹುಟ್ಟಿ, ಹೇಳಿದ್ದನ್ನೆಲ್ಲ ಒಪ್ಪಿಕೊಂಡು ಬೆಳೆದವನು ನಾನು. ಅಪ್ಪ ಹೇಳಿದ್ದನ್ನೂ ಸರ್ಕಾರ ಹೇಳಿದ್ದನ್ನೂ ಎದುರಿಗಿಟ್ಟುಕೊಂಡು ಹೌದೋ ಅಲ್ಲವೋ ಎಂದು ನೋಡುವ ಧೈರ್ಯ ನನಗೆ ಬಂದದ್ದು ಆ ಕಾಲೇಜಿನ ಓದಿನಿಂದ. ಸಂಬಳವನ್ನು ಯಾರು ಬೇಕಾದರೂ ನಿಲ್ಲಿಸಬಹುದು, ಇದನ್ನು ಯಾರೂ ಕಿತ್ತುಕೊಳ್ಳಲಾರರು — ಇದು ತಿಳಿದಿತ್ತು. ತಿಳಿದೇ ಹೇಳಿದೆ.

ಮರುವರ್ಷ ಮಂಡ್ಯ ಸ್ಟೇಷನ್ನಿನಲ್ಲಿ ನಿನಗೆ ನರಸಿಂಹ ಸಿಕ್ಕ. ಅವನಿಗೇನು ಗೊತ್ತು! "ಮನುಷ್ಯನ ಹಾಗೆ ಯೋಚನೆ ಮಾಡೋದು ಕಲೀಬೇಕಾದ್ರೆ ಚರಿತ್ರೆ, ತರ್ಕಾನೇ ಓದಬೇಕು ಅಂತ ಅಪ್ಪ ಸೇರಿಸಿದ್ರು" ಎಂದನಂತೆ. ನೀನು ನೇರವಾಗಿ ನಮ್ಮ ಮನೆಗೆ ಬಂದೆ. ಜಗಲಿ ಹತ್ತಲಿಲ್ಲ, ಬೀದಿಯಲ್ಲೇ ನಿಂತೆ.

"ಓದುದ್ರೆ ಒಟ್ಟೆ ತುಂಬಕಿಲ್ಲ ಅಂತ ನಿಮ್ ಮಗುಂಗ್ಯಾಕ್ ಯೋಳ್ಲಿಲ್ಲ ಸಾ?"

ನಾನು ಆಗಲಾದರೂ — ಇಲ್ಲ. ಅಂದೆ: "ನಮ್ಮ ಮಾತು ಬೇರೆ ಕಣೋ ಸಿದ್ದ. ನಮ್ಮದು ಓದೋ ಮನೆತನ."

ನಿನ್ನ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದಿದ್ದರೆ ಸಹಿಸಬಹುದಿತ್ತು. ಏನೋ ಆರಿಹೋದ ಹಾಗಾಯಿತು. "ಅಂಗಿದ್ಮೇಲೆ ನಂಗ್ಯಾಕೆ ರುಚಿ ಅತ್ತುಸ್ದ್ರಿ?" ಅಂದೆ. ಈ ಸಲ 'ಸಾ' ಅನ್ನಲಿಲ್ಲ. ಹೊರಟುಹೋದೆ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ನನ್ನ ಹೆಂಡತಿ, "ಏನೂಂದ್ರೆ, ಆ ಮಗು ನಿಮ್ಮನ್ನ ನಂಬಿತ್ತಲ್ರೀ" ಎಂದಳು. ಅವಳಿಗೂ ಪೂರ್ತಿ ಗೊತ್ತಿರಲಿಲ್ಲ.

ನೀನು ತಂದೆಗೆ ಏನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ — ಅವರ ಮನಸ್ಸು ಮುರಿಯಬಾರದೆಂದೋ, ಮೋಸಹೋದದ್ದು ನಾಚಿಕೆಯೆನಿಸಿಯೋ. ಕಾರ್ಖಾನೆಯ ಕೆಲಸದಲ್ಲಿ ನೀನು ಮೇಲೆ ಬಂದೆ. ಪೂರಿಗಾಲಿಯಲ್ಲಿ ಹೆಂಚಿನ ಮನೆಯಾಯಿತು. ಮನೆಯೊಕ್ಕಲಿನ ದಿನ ನಿನ್ನ ತಂದೆ ಗಾಡಿ ಕಳಿಸಿ ನನ್ನನ್ನು ಕರೆಸಿಕೊಂಡರು. ಊರ ಹುಡುಗರನ್ನೆಲ್ಲ ಜಗಲಿಯಲ್ಲಿ ಕೂಡಿಸಿ ಅಂದರು: "ನನ್ ಮಗುಂಗೆ ದಾರಿ ತೋರುಸ್ದೋರು ಇವ್ರೇ ಕಣ್ರಲಾ. ನಮ್ ಐಕ್ಳಿಗೂ ಒಂದೆಲ್ಡ್ ಮಾತ್ ಯೋಳಿ ಮೇಷ್ಟ್ರೇ."

ನೀನು ಕಂಬಕ್ಕೊರಗಿ ನನ್ನನ್ನೇ ನೋಡುತ್ತಿದ್ದೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಆದರೂ ನಾನು ಹಳೆಯ ಮಾತನ್ನೇ ಹೇಳಿದೆ — ಕಾಲೇಜು ನಿಮಗೆ ಬೇಡ, ಕೈಕೆಲಸ ಕಲಿಯಿರಿ. ನಾನು ಮುಗಿಸುವ ಮೊದಲೇ ನೀನು ಎದ್ದುಹೋದೆ. ನಿನ್ನ ತಂದೆ ಬಗ್ಗಿ ನನ್ನ ಕಾಲು ಮುಟ್ಟಿದರು. ನಾನು ಮುಟ್ಟಿಸಿಕೊಂಡೆ.

ಎಷ್ಟೋ ಕಾಲದ ನಂತರ ಮಳವಳ್ಳಿಯಲ್ಲಿ ಒಂದು ಸಭೆ. ಊರವರಿಂದ ಗೋಮಾಳ ಬಿಡಿಸಿಕೊಳ್ಳುವ ಆಲೋಚನೆಯನ್ನು ಒಬ್ಬ ಅಧಿಕಾರಿ ಸಕ್ಕರೆಯಂಥ ಮಾತುಗಳಲ್ಲಿ ಹೇಳುತ್ತಿದ್ದ. ಜನರ ನಡುವೆ ನಿನ್ನನ್ನು ಕಂಡೆ. ಪಕ್ಕದವನು ನಿನ್ನನ್ನು ತಿವಿದು, "ಏನ್ಲಾ ಸಿದ್ದ, ಇದು ದಿಟವಾ?" ಅಂದ. ಎದ್ದು ನಿಲ್ಲುತ್ತೀಯೆಂದು ನನ್ನ ಮೈಯೆಲ್ಲ ಕಿವಿಯಾಯಿತು. ನೀನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡೆ. "ದೊಡ್ಡೋರ್ ಯೋಳ್ತಾವ್ರೆ. ದಿಟ್ವೇ ಇರ್ಬೌದು ಬುಡು."

ನಿನ್ನ ಹೊಟ್ಟೆಗೆ ನಾನೇನೂ ಕಡಿಮೆ ಮಾಡಲಿಲ್ಲ, ಸಿದ್ದೇಗೌಡ. ನಾನು ತೆಗೆದುಕೊಂಡದ್ದು ಏನೆಂದು ಅಲ್ಲಿ ಕಂಡೆ. ಪರರ ಮಾತಿನ ಎದುರು ಎದ್ದು ನಿಲ್ಲುವ ಹುಡುಗನನ್ನು ಕೂರಿಸಿಬಿಟ್ಟಿದ್ದೆ. ಬಿ.ಎ.ಯಿಂದ ಏನು ಉಪಯೋಗ ಎಂದು ಈಗಲೂ ಯಾರಾದರೂ ನನ್ನನ್ನು ಕೇಳಿದರೆ ಹೇಳಲು ಬಾಯಿ ಬರುವುದಿಲ್ಲ — ಉತ್ತರ ಗೊತ್ತಿಲ್ಲದೆ ಅಲ್ಲ.

ನಿನ್ನ ತಂದೆ ತೀರಿಕೊಂಡರು, ನನ್ನನ್ನು ಹರಸುತ್ತಲೇ. ಅವರಿಗೆ ಹೇಳುವ ಕಾಲ ಮುಗಿಯಿತು. ನರಸಿಂಹ ದೊಡ್ಡ ಹುದ್ದೆಯಲ್ಲಿದ್ದಾನೆ. ತನ್ನ ಓದು ತನ್ನದೇ ಎಂದುಕೊಂಡಿದ್ದಾನೆ. ಮೊದಲು ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳುತ್ತೇನೆ. ಆಮೇಲೆ ಪೂರಿಗಾಲಿಗೆ ಬರುತ್ತೇನೆ. ನೀನು ಬಾಗಿಲು ತೆಗೆಯಬೇಕೆಂದಿಲ್ಲ, ಮಾತಾಡಬೇಕೆಂದೂ ಇಲ್ಲ. ಬೀದಿಯಲ್ಲೇ ನಿಂತು ಹೇಳುತ್ತೇನೆ — ಅಕ್ಕಪಕ್ಕದ ಮನೆಯವರಿಗೆಲ್ಲ ಕೇಳುವ ಹಾಗೆ.