ಅಮ್ಮ ಹೂ ಕೇಳಿದರು

ಗೆಳೆಯರೇ, ಭಾನುವಾರ ಟಾಪ್‌ಸ್ಲಿಪ್ ಕಾಡಿಗೆ ಹೋಗಲು ವ್ಯಾನ್ ಗೊತ್ತುಮಾಡಿದ್ದೇನೆ. ಮಗಳಿಗೆ ಕಾಡಾನೆ ನೋಡುವ ಆಸೆ. ದೇವರಲ್ಲಿ ಹೂ ಕೇಳದೆ ಹೊರಡಬಾರದೆಂದು ಅಮ್ಮನ ಹಟ. ಇವತ್ತು ಬೆಳಿಗ್ಗೆ ಸಿಂಗಾನಲ್ಲೂರಿನ ನಮ್ಮ ಬೀದಿಯ ಮಾರಿಯಮ್ಮನ ಮುಂದೆ ಬಿಳಿ ಹೂವೊಂದನ್ನೂ ಕೆಂಪು ಹೂವೊಂದನ್ನೂ ಬೇರೆ ಬೇರೆ ಎಲೆಯಲ್ಲಿ ಸುತ್ತಿಟ್ಟು, ಕಣ್ಣು ಮುಚ್ಚಿ ಬೇಡಿಕೊಂಡರು. ಮಗಳು ಒಂದು ಪೊಟ್ಟಣ ಎತ್ತಿದಳು. ಬಿಳಿ ಬಂತು. ಅಂದರೆ ದೇವಿ ಒಪ್ಪಿದಳು.

"ಆನೆ ಕಾಣ್ಸ್ಬೇಕು ಅಂತ ತಾನೆ ಕೇಳ್ದೆ, ಅಜ್ಜಿ?" ಎಂದಳು ಮಗಳು.

"ಇಲ್ಲ ತಂಗಂ. ಒಂದಾನೇನೂ ಕಣ್ಣಿಗೆ ಬೀಳ್ದೆ ಎಲ್ರೂ ಬದ್ರವಾಗಿ ಮನೆ ಸೇರ್ಬೇಕು ಅಂತ ಕೇಳ್ದೆ."

ಅಮ್ಮನ ತವರು ಮಡತ್ತುಕುಳಂನ ಆಚೆ, ಬೆಟ್ಟದ ಬುಡದಲ್ಲಿ. ಕಬ್ಬಿಗೆ ನುಗ್ಗಿದ ಆನೆಯನ್ನು ತಗಡು ಬಡಿದು ಓಡಿಸುತ್ತಲೇ ಬೆಳೆದವರು.

"ಇನ್ನೊಂದು ತಡವೆ ಕೇಳಮ್ಮಾ, ಆನೆ ನೋಡೋಕೆ ತಾನೆ ಹೋಗೋದು," ಎಂದೆ.

"ಸಾಮಿ ವಾಕ್ಕು ಕೊಟ್ಟಮೇಲೆ ತಿರುಗ ಕೇಳ್ಬಾರ್ದು. ಮರ ನೋಡಿ, ಬೇಕಾದಷ್ಟು ಅದೆ."

ಭಾನುವಾರ ನಿಮ್ಮಲ್ಲಿ ಯಾರಾದರೂ ಅದೇ ಕಾಡಿಗೆ ಬರುವವರಿದ್ದರೆ, ದಯವಿಟ್ಟು ನಮ್ಮ ವ್ಯಾನಿನಿಂದ ದೂರವಿರಿ. ನಿಮಗಾದರೂ ಆನೆ ಸಿಗಲಿ.