ಕೆಂಪು ಟೇಪಿನ ಪೈಪು

ಮೇಸ್ತ್ರಿಗೆ ಕೋಪ ಬರುತ್ತದೆ ಎನ್ನುವುದೇ ತಪ್ಪು. ಬರುವುದಕ್ಕೆ ಅದು ಹೋಗಿದ್ದರೆ ತಾನೇ? ಬೆಳಿಗ್ಗೆ ಗ್ಯಾರೇಜಿನ ಷಟರ್ ಎತ್ತುವಾಗಲೇ ಶುರು. ಷಟರಿಗೆ ಬೈಗುಳ, ತಾನೇ ಎಲ್ಲೋ ಇಟ್ಟು ಮರೆತ ಸ್ಪ್ಯಾನರಿಗೆ ಬೈಗುಳ, ಬಾಗಿಲಿಗೆ ಅಡ್ಡ ಸ್ಕೂಟರ್ ನಿಲ್ಲಿಸಿದವನ ಏಳು ತಲೆಮಾರಿಗೂ ಬೈಗುಳ. ಬೆನ್ನ ಹಿಂದೆ ಗಿರಾಕಿಗಳು "ಸಿಡಿಮದ್ದು" ಎನ್ನುತ್ತಿದ್ದರು. ಆದರೂ ಬಿಟ್ಟು ಹೋಗುತ್ತಿರಲಿಲ್ಲ. ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳುವ ಕಿವಿ ಆತನದು. ಮನುಷ್ಯರ ಮಾತಿಗೆ ಮಾತ್ರ ಆ ಕಿವಿ ಕಿವುಡು.

ಆತನಿಗೆ ಅತ್ಯಂತ ಮೈ ಉರಿಸುತ್ತಿದ್ದದ್ದು ಹೆಬ್ಬೆರಳು ದಪ್ಪದ ಒಂದು ರಬ್ಬರ್ ಪೈಪು. ಎಂಜಿನ್ನಿನ ಹೊಟ್ಟೆಯಲ್ಲಿ ಎದ್ದ ಆವಿಯನ್ನು ಅದು ಗಾಳಿ ಎಳೆಯುವ ಬಾಯಿಗೇ ತಂದು ಬಿಡುತ್ತದೆ. ಆವಿಯ ಜೊತೆ ಎಣ್ಣೆಯೂ ಬಂದು ಒಳಗೆಲ್ಲ ಅಂಟಿಕೊಂಡು ಕಪ್ಪಗಟ್ಟುತ್ತದೆ. "ತಾನು ತೇಗಿದ್ದನ್ನ ತಾನೇ ನುಂಗೋ ಜಾತಿ! ಇದನ್ನ ಮಾಡಿದೋನು ಒಂದ್ಸಲ ನನ್ನ ಕೈಗೆ ಸಿಗಬೇಕು!" ಎಂದು ಮೇಸ್ತ್ರಿ ಹಲ್ಲು ಕಡಿಯುತ್ತಿದ್ದ. ಸಿಗದ ಕಾರಣ ತಾನೇ ಒಂದು ಡಬ್ಬಿ ಮಾಡಿ ನಡುವೆ ಕೂರಿಸುತ್ತಿದ್ದ. ಆವಿ ಒಂದು ಕಡೆಯಿಂದ ಉದ್ದನೆಯ ಕೊಳವೆಯಲ್ಲಿ ಡಬ್ಬಿಯ ತಳದವರೆಗೂ ಇಳಿಯಬೇಕು, ಜಾಲರಿ ದಾಟಿ ಮೇಲಿನ ಇನ್ನೊಂದು ಬಾಯಿಂದ ಹೊರಡಬೇಕು. ಎಣ್ಣೆ ತಳದಲ್ಲಿ ಉಳಿಯುತ್ತದೆ. ಎಂಜಿನ್ನಿಂದ ಬರುವ ಪೈಪಿಗೆ ಕೆಂಪು ಟೇಪು, ಅದು ಸೇರಬೇಕಾದ ಬಾಯಿಗೆ ಕೆಂಪು ಬಣ್ಣದ ಚುಕ್ಕೆ. ಈ ಗುರುತನ್ನು ಊರಲ್ಲಿ ಬೇರೆ ಯಾರೂ ಹಾಕುತ್ತಿರಲಿಲ್ಲ.

ಮೊದಲ ಡಬ್ಬಿ ಕೂತದ್ದು ಅಕ್ಕನ ಕಾರಿಗೆ. ಅಕ್ಕ ಈತನಿಗಿಂತ ಎಂಟು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ತಲೆ ಬಾಚಿ ಶಾಲೆಗೆ ಕಳಿಸಿದವಳು, ಶಾಲೆ ತಲೆಗೆ ಹತ್ತದಿದ್ದಾಗ ಮೊದಲ ಸ್ಪ್ಯಾನರ್ ಸೆಟ್ ಕೊಡಿಸಿದವಳು. ಈಗ ಅವಳದೊಂದು ಡ್ರೈವಿಂಗ್ ಸ್ಕೂಲು. ಇರುವುದು ಅದೊಂದೇ ಕಾರು. ಕಲಿಯುವವರು ಮೊದಲನೇ ಗೇರಿನಲ್ಲೇ ಎಂಜಿನ್ ಅರಚಿಸಿ, ನಿಲ್ಲಿಸಿ, ಮತ್ತೆ ಅರಚಿಸಿ ಅದರ ಪ್ರಾಣ ಹಿಂಡುತ್ತಿದ್ದರು. ಡಬ್ಬಿ ಬೇಗ ತುಂಬುತ್ತಿತ್ತು. "ಪ್ರತಿ ಭಾನುವಾರ ಖಾಲಿ ಮಾಡು. ಮರೆತ್ಯೋ, ನನ್ನ ಹತ್ರ ಬರಬೇಡ" ಎಂದು ಮೇಸ್ತ್ರಿ ತಾಕೀತು ಮಾಡಿದ್ದ.

ಒಂದು ಬೆಳಿಗ್ಗೆ ಆ ಕಾರು ನೀಲಿ ಹೊಗೆ ಕಾರುತ್ತ ಬಂದು ಗ್ಯಾರೇಜಿನ ಮುಂದೆ ನಿಂತಿತು. ಒಳಗೆ ಮೂವರು ಕಲಿಯುವವರು. ಮಾರನೆಯ ದಿನ ಅವರಿಗೆ ಲೈಸೆನ್ಸ್ ಪರೀಕ್ಷೆ, ಇದೇ ಕಾರಿನಲ್ಲಿ. ಅಕ್ಕ ಇಳಿದು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಕೆಂಡಾಮಂಡಲವಾದ.

"ಡಬ್ಬಿ ಖಾಲಿ ಮಾಡಿಲ್ಲ! ತುಂಬಿ ತುಳುಕಿ ಎಣ್ಣೆಯೆಲ್ಲ ಒಳಗೆ ಹೋಗಿದೆ!"

"ಪ್ರತಿ ವಾರ ತೆಗೆದು ನೋಡಿದೀನಿ ಕಣೋ. ಎರಡು ತಿಂಗಳಿಂದ ಅದರಲ್ಲಿ ಏನೂ ಬರ್ತಾನೇ ಇಲ್ಲ."

"ಏನೂ ಬರದೆ ಈ ಹೊಗೆ ಆಕಾಶದಿಂದ ಬಂತಾ? ಸುಳ್ಳು ಹೇಳ್ತೀಯ! ಸೋಮಾರಿತನಕ್ಕೆ ಸುಳ್ಳು ಬೇರೆ! ಗಾಡಿ ಇಟ್ಕೊಳ್ಳೋ ಯೋಗ್ಯತೆ ಇಲ್ದೋರಿಗೆ ಸ್ಕೂಲ್ ಯಾಕೆ?"

ಎದುರಿನ ಟೈಲರ್ ಹೊಲಿಗೆ ನಿಲ್ಲಿಸಿದ. ಕಲಿಯುವವರಲ್ಲಿ ಒಬ್ಬರಾದ, ಹಿಂದಿನ ಸೀಟಿನಲ್ಲಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಕಿಟಕಿಯ ಗಾಜು ಏರಿಸಿಕೊಂಡರು. ಅಕ್ಕನ ಮುಖ ಕಪ್ಪಿಟ್ಟಿತು. ತನ್ನ ಬಳಿ ಕಲಿಯುವವರ ಮುಂದೆ, ತಾನು ಸಾಕಿದ ಹುಡುಗನ ಬಾಯಿಂದ ಸುಳ್ಳುಗಾತಿ ಎನಿಸಿಕೊಂಡರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಆದರೆ ಅವಳು ಕೂಗಲಿಲ್ಲ. ಡಿಕ್ಕಿ ತೆಗೆದು ಒಂದು ಹಳೆಯ ಗಾಜಿನ ಬಾಟಲಿ ತಂದು ಬೆಂಚಿನ ಮೇಲೆ ಕುಕ್ಕಿದಳು.

ಬಾಟಲಿಯಲ್ಲಿ ಕಪ್ಪು ಎಣ್ಣೆ. ಹೊರಗೆ ಪೆನ್ನಿನಲ್ಲಿ ಎಳೆದ ಗೆರೆಗಳು, ಪ್ರತಿ ಗೆರೆಯ ಪಕ್ಕ ಒಂದು ಭಾನುವಾರದ ತಾರೀಖು. ಗೆರೆಗಳು ಒಂದರ ಮೇಲೊಂದು ಏರುತ್ತ ಬಂದು ಒಂದು ಕಡೆ ನಿಂತಿದ್ದವು. ಕೊನೆಯ ಗೆರೆಯ ಪಕ್ಕ ಇನ್ನೂ ಎಂಟು ತಾರೀಖುಗಳು ಒತ್ತೊತ್ತಾಗಿ ಇದ್ದವು.

"ಎಂಟು ವಾರ, ಒಂದು ತೊಟ್ಟೂ ಇಲ್ಲ. ಮೂರು ಸಲ ಫೋನ್ ಮಾಡಿದೆ. ಎಣ್ಣೆ ಬರದಿದ್ರೆ ಒಳ್ಳೇದೇ ಅಂತ ಫೋನ್ ಕುಕ್ಕಿದೆ ನೀನು. ಈಗ ಬಿಚ್ಚಿ ನೋಡು. ನನ್ನ ತಪ್ಪಿದ್ರೆ ಒಪ್ಕೋತೀನಿ. ಇಲ್ದಿದ್ರೆ ಈ ಗಾಡಿ ಇನ್ನು ಇಲ್ಲಿಗೆ ಬರಲ್ಲ, ನಾನೂ ಬರಲ್ಲ."

ಮೇಸ್ತ್ರಿ ಬಾನೆಟ್ಟನ್ನು ಕಿತ್ತು ಬಿಸಾಡುವವನ ಹಾಗೆ ಎತ್ತಿದ. ಗಾಳಿಯ ಕೊಳವೆ ಬಿಚ್ಚಿ ಬೆರಳು ಹಾಕಿದರೆ ಬೆರಳಿಡೀ ಎಣ್ಣೆ. "ನೋಡು!" ಎಂದು ಗುಡುಗಿ, ತುಂಬಿದ ಡಬ್ಬಿಯನ್ನು ಎತ್ತಿ ತೋರಿಸಲು ಬಗ್ಗಿದ. ಡಬ್ಬಿ ಹಗುರವಾಗಿತ್ತು. ತಳ ಒಣಗಿತ್ತು.

ಆಗ ಕಣ್ಣಿಗೆ ಬಿತ್ತು. ಕೆಂಪು ಟೇಪು ಸುತ್ತಿದ ಪೈಪು ಚುಕ್ಕೆಯಿಲ್ಲದ ಬಾಯಿಗೆ ಸೇರಿತ್ತು. ಕೆಂಪು ಚುಕ್ಕೆಯ ಬಾಯಿಗೆ ಇನ್ನೊಂದು ಪೈಪು. ಎರಡೂ ಅದಲುಬದಲು. ತಳಕ್ಕೆ ಇಳಿದ ಉದ್ದನೆಯ ಕೊಳವೆಯಿಂದ ಎಂಜಿನ್ನೇ, ಎಳನೀರು ಹೀರುವ ಹಾಗೆ, ಬಿದ್ದ ಎಣ್ಣೆಯನ್ನೆಲ್ಲ ಹೀರಿಕೊಂಡಿತ್ತು.

ಎರಡು ತಿಂಗಳ ಹಿಂದೆ ಡಬ್ಬಿ ತೊಳೆದು ಕೂರಿಸಿದ್ದು ಯಾರು? ತಾನೇ. ಕಿವಿ ಮತ್ತು ಭುಜದ ನಡುವೆ ಫೋನ್ ಸಿಕ್ಕಿಸಿಕೊಂಡು, ತಪ್ಪು ಅಳತೆಯ ಪೈಪು ಕಳಿಸಿದ ಅಂಗಡಿಯವನ ಜನ್ಮ ಜಾಲಾಡುತ್ತ, ಕೈಯಲ್ಲಿ ಏನಿದೆ ಎಂದು ನೋಡದೆ. ಕ್ಲಿಪ್ಪಿನ ಮೇಲೆ ಆ ದಿನ ಸಿಟ್ಟಿನಲ್ಲಿ ಜಾರಿದ ಸ್ಕ್ರೂಡ್ರೈವರಿನ ಗೀರು ಹಾಗೇ ಇತ್ತು.

ಯಾರನ್ನು ಬೈಯುವುದು? ಸುತ್ತ ನೋಡಿದ. ಯಾರೂ ಸಿಗಲಿಲ್ಲ. ತಾನೇ ಸುತ್ತಿದ ಕೆಂಪು ಟೇಪನ್ನು ದಿಟ್ಟಿಸುತ್ತ ಮೇಸ್ತ್ರಿ ಕೈ ಕೈ ಹಿಸುಕಿಕೊಂಡ. ಜೀವಮಾನದಲ್ಲಿ ಅಷ್ಟು ಸಿಟ್ಟು ಆತನಿಗೆ ಬಂದಿರಲಿಲ್ಲ, ಅದು ಪೂರ್ತಿ ತನ್ನ ಮೇಲೇ.

ಪೈಪುಗಳನ್ನು ಕಿತ್ತು ಸರಿಯಾದ ಬಾಯಿಗಳಿಗೆ ಸೇರಿಸಿದ. ಗಾಳಿಯ ದಾರಿಯನ್ನೆಲ್ಲ ಬಿಚ್ಚಿ ತೊಳೆದ, ಪ್ಲಗ್ಗುಗಳನ್ನು ಉಜ್ಜಿದ. ಕಲಿಯುವವರು ಬೆಂಚಿನಲ್ಲಿ ಸಾಲಾಗಿ ಕೂತು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಶುರು ಮಾಡಿದಾಗ ಹೊಗೆ ಸ್ವಲ್ಪ ಹೊತ್ತು ಬಂದು ತೆಳುವಾಗುತ್ತ ನಿಂತುಹೋಯಿತು. ಮೇಸ್ತ್ರಿ ಅಕ್ಕನ ಹತ್ತಿರ ಬಂದು, ನೆಲ ನೋಡುತ್ತ, ಗಂಟಲಲ್ಲೇ ಹೇಳಿದ. "ತಪ್ಪು ನಂದು."

"ಕೇಳಿಸಲಿಲ್ಲ."

"ತಪ್ಪು ನಂದು ಅಂದೆ."

"ಬೈದಾಗ ಟೈಲರ್ ಅಂಗಡಿಗೆ ಕೇಳಿಸ್ತು. ಇದೂ ಅಲ್ಲಿಗೆ ಕೇಳಿಸ್ಲಿ."

ಮೇಸ್ತ್ರಿ ಅವಳ ಮುಖ ನೋಡಿದ. ತಮಾಷೆಯ ಸುಳಿವೂ ಇರಲಿಲ್ಲ. ಹೊರಗೆ ಬಂದು ರಸ್ತೆಯಂಚಿನಲ್ಲಿ ನಿಂತು, ಯಾರನ್ನೋ ಹೊಡೆಯಲು ಹೊರಟವನ ದನಿಯಲ್ಲಿ ಕಿರುಚಿದ. "ಪೈಪ್ ತಿರುಗಾಮುರುಗಾ ಹಾಕಿದ್ದು ನಾನು! ನಮ್ಮಕ್ಕ ಸುಳ್ಳು ಹೇಳಿಲ್ಲ! ನಾನೇ ಕತ್ತೆ!"

"ಗೊತ್ತಾಯ್ತು ಬಿಡಪ್ಪಾ!" ಎಂದು ಟೈಲರ್ ಅಲ್ಲಿಂದಲೇ ಕೂಗಿದ. ಪೋಸ್ಟ್‌ಮ್ಯಾನ್ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು. ಅಕ್ಕ ನಗಲಿಲ್ಲ. ಬಾಟಲಿಯನ್ನು ಎತ್ತಿಕೊಂಡು ಕಾರು ಹತ್ತಿದಳು. "ಭಾನುವಾರ ಫೋನ್ ಮಾಡ್ತೀನಿ" ಎಂದಷ್ಟೇ ಹೇಳಿ ಹೊರಟಳು.

ಭಾನುವಾರ ಫೋನ್ ಬಂದಾಗ ಮೇಸ್ತ್ರಿ ಗೇರ್‌ಬಾಕ್ಸಿನ ಕೆಳಗೆ ಮಲಗಿದ್ದ. ಎದ್ದು ಬಂದ. ಕೈ ಒರೆಸಿಕೊಂಡ. ಸ್ಟೂಲಿನ ಮೇಲೆ ಕೂತು "ಹೇಳಕ್ಕ" ಎಂದ.

ಡಬ್ಬಿಯಲ್ಲಿ ಅರ್ಧ ಬೆರಳು ಎಣ್ಣೆ ಸಿಕ್ಕಿದೆ, ಬಾಟಲಿಗೆ ಹೊಸ ಗೆರೆ ಎಳೆದಿದ್ದೇನೆ, ಮೂವರೂ ಪಾಸಾದರು, ಪೋಸ್ಟ್‌ಮ್ಯಾನ್ ಮಾತ್ರ ರಿವರ್ಸಿನಲ್ಲಿ ಬೆವರಿಳಿಸಿದರು ಎಂದೆಲ್ಲ ಅಕ್ಕ ಹೇಳಿದಳು. ಈತ ನಡುವೆ ಬಾಯಿ ಹಾಕಲಿಲ್ಲ. ಅವಳು ಮುಗಿಸಿದ ಮೇಲೂ ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದ.

"ಮುಗೀತು ಕಣೋ" ಎಂದಳು ಅಕ್ಕ. "ಇನ್ನು ಇಡು."