ಶುಗರ್ ಗುಳಿಗೆ ಅಲ್ಲ ಮಾವ

ಕಳೆದ ಭಾನುವಾರ ದಾವಣಗೆರೆಯ ಆನೆಕೊಂಡದಲ್ಲಿ ನಮ್ಮ ಸೋದರಮಾವನ ಮನೆ ಗೃಹಪ್ರವೇಶ. ಊಟಕ್ಕೆ ಕೂತಿದ್ದೆವು. ನನ್ನ ಪಕ್ಕ ತಮ್ಮ ರುದ್ರೇಶ, ಅವನಾಚೆ ಮಾವ. (ಮನೆಯ ಯಜಮಾನ ಮೊದಲ ಪಂಕ್ತಿಯಲ್ಲೇ ಕೂತಿದ್ದಕ್ಕೆ ಅತ್ತೆಗೆ ಸಿಟ್ಟು. ಅದು ಬೇರೆ ಕತೆ.)

ಎಲೆಗೆ ಹುಗ್ಗಿ ಬೀಳುವ ಹೊತ್ತಿಗೆ ತಮ್ಮನ ಫೋನು ರಿಂಗಾಯಿತು. ಹಳೇ ಮಾದರಿಯ ಕೀಪ್ಯಾಡ್ ಫೋನು. ಕಿವಿಗಿಟ್ಟು ಕೇಳಿದ. ಜೇಬಿನಿಂದ ಗುಳಿಗೆ ತೆಗೆದು ನುಂಗಿ, ನೀರು ಕುಡಿದು, ಫೋನಿನ ಒಂದು ಗುಂಡಿ ಒತ್ತಿ ಜೇಬಿಗಿಟ್ಟ.

"ಏನೋ ರುದ್ರೇಶ, ಇಷ್ಟು ಬೇಗ ಶುಗರ್ ಬಂತೇನೋ?" ಮಾವ ಕೇಳಿದರು.

"ಶುಗರ್ ಗುಳಿಗೆ ಅಲ್ಲ ಮಾವ. ಎಚ್‌ಐವಿದು."

ಅಷ್ಟೇ. ಉಪ್ಪು ಹಾಕ್ರಿ ಅನ್ನುವಷ್ಟು ಮಾಮೂಲಿ ದನಿಯಲ್ಲಿ.

ಬಡಿಸುತ್ತಿದ್ದವನ ಸೌಟು ಅರ್ಧಕ್ಕೇ ನಿಂತಿತು. ಎದುರು ಸಾಲಿನಲ್ಲಿ ಒಬ್ಬರು ಎಲೆ ಮಡಚಿ ಎದ್ದೇಬಿಟ್ಟರು. (ಜೊತೆಗೆ ಉಂಡರೆ ಅಂಟುವುದಿಲ್ಲ ಎಂದು ಇನ್ನೂ ಎಷ್ಟು ಸಲ ಈ ಅಂಕಣದಲ್ಲಿ ಬರೆಯಬೇಕೋ!) ಮಾವ ತಮ್ಮನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಬಡಿಸುವವನ ಕಡೆ ತಿರುಗಿ, "ಯಾಕ ನಿಂತ್ಯೋ? ಇವನ ಎಲೆಗೆ ಇನ್ನೊಂದು ಸೌಟು ಹಾಕು. ತುಪ್ಪಾನೂ ತಾ" ಅಂದರು.

ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಆಟೋದಲ್ಲಿ ವಾಪಸ್ ಬರುವಾಗ ಕೇಳಿದೆ, "ಎಲ್ಲರ ಮುಂದೆ ಬೇಕಿತ್ತೇನೋ ಅದು?"

"ಸುಳ್ಳು ಹೇಳಾಕೆ ಮನಸ್ಸು ಬರ್ಲಿಲ್ಲಕ್ಕ. ಈ ಗುಳಿಗೆ ತಪ್ಪಿಸದಂಗೆ ತಗಳಾಕೆ ಎಷ್ಟು ಒದ್ದಾಡೀನಿ. ಅದನ್ನ ಶುಗರ್ ಗುಳಿಗೆ ಅಂದುಬಿಟ್ರೆ ಹೆಂಗೆ?"

ಆ ಒದ್ದಾಟವನ್ನು ನಿಮಗೆ ಹೇಳಲೇಬೇಕು. (ಅವನೂ ಅವನ ಹೆಂಡತಿ ಶೋಭಾಳೂ ಬರೆಯಲು ಒಪ್ಪಿದ್ದಾರೆ.)

ರುದ್ರೇಶ ಹರಿಹರದಲ್ಲಿ ಲೇತ್ ಕೆಲಸಗಾರ. ಕೆಲವು ವರ್ಷದ ಹಿಂದೆ ಬೆನ್ನುನೋವಿಗೆಂದು ಶುರುವಾದ ಇಂಜೆಕ್ಷನ್ನು ನೋವು ಹೋದರೂ ಅವನನ್ನು ಬಿಡಲಿಲ್ಲ. ಅದೇ ಚಟದ ದೋಸ್ತಿಗಳು ಸಿಕ್ಕರು. ಒಂದೇ ಸಿರಿಂಜು ಕೈಯಿಂದ ಕೈಗೆ ದಾಟಿತು. ಆ ಸೂಜಿಯಿಂದಲೇ ಎಚ್‌ಐವಿ ಬಂತು.

ಶೋಭಾಳ ಪರೀಕ್ಷೆ ನೆಗೆಟಿವ್ ಬಂತು. ಆಮೇಲೆ ಅವಳು ಮಾಡಿದ ಮೊದಲ ಕೆಲಸ, ಗಂಡನ ಸ್ಮಾರ್ಟ್‌ಫೋನ್ ಕಿತ್ತುಕೊಂಡಿದ್ದು. ಮಾಲು ಎಲ್ಲಿ ಸಿಗುತ್ತೆ, ಯಾವಾಗ ಸಿಗುತ್ತೆ, ಎಲ್ಲ ಅದರಲ್ಲೇ ಗೊತ್ತಾಗುತ್ತಿತ್ತು.

ಚಟ ಬಿಡಿಸುವ ಚಿಕಿತ್ಸೆ ಆಯಿತು. ಎಚ್‌ಐವಿ ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ದಿನಾ ನುಂಗಬೇಕು. ತಪ್ಪಿಸುತ್ತಾ ಹೋದರೆ ವೈರಸ್ಸು ಮತ್ತೆ ತಲೆಯೆತ್ತುತ್ತದೆ, ಕೊನೆಗೆ ಆ ಔಷಧಿಗೇ ಜಗ್ಗುವುದಿಲ್ಲ. ತಮ್ಮ ತಪ್ಪಿಸುತ್ತಿದ್ದ. ಮರೆತು ಅಲ್ಲ, ಬೇಕೆಂದೇ. ನಾನು ಬದುಕಿ ಯಾರಿಗೇನಾಗಬೇಕು ಎಂಬ ಹಟ. ತೂಕ ಇಳಿಯಿತು. ಜ್ವರ ಬಂದರೆ ಬಿಡದಾಯಿತು.

ಆಗ ದಾವಣಗೆರೆ ಆಸ್ಪತ್ರೆಯ ಕೌನ್ಸೆಲರ್ ಮೇಡಂ ಹೇಳಿದ್ದು, "ಇವ್ರ ಕೈಯಾಗೊಂದು ಫೋನ್ ಇರಬೇಕ್ರಿ."

ಶೋಭಾ ಕುರ್ಚಿಯಿಂದ ಎದ್ದೇ ನಿಂತಳು. "ಫೋನೇ ರೀ ಇವ್ರನ್ನ ಹಾಳು ಮಾಡಿದ್ದು! ಮತ್ತೆ ಅದನ್ನೇ ಕೊಡು ಅಂತೀರಲ್ಲ?"

"ಕೂಡ್ರಿ. ನಿಮ್ಮ ಹೆದರಿಕೆ ನನಗೆ ಗೊತ್ತಾಗ್ತೈತೆ. ಸ್ಮಾರ್ಟ್‌ಫೋನ್ ಬ್ಯಾಡ, ಕೀಪ್ಯಾಡ್ ಸಾಕು. ನಂಬರ್ ಹೊಸದಿರ್ಲಿ. ಮನೆಯೋರಿಗೆ, ಆಸ್ಪತ್ರೆಗೆ ಬಿಟ್ರೆ ಯಾರಿಗೂ ಕೊಡಬ್ಯಾಡ್ರಿ."

ಶೋಭಾ ಅವತ್ತು ಒಪ್ಪಲಿಲ್ಲ. ಮನೆಗೆ ಹೋಗಿ ಯೋಚಿಸಿ, ಆಮೇಲೆ ತಾನೇ ಹೋಗಿ ತನ್ನ ಹೆಸರಲ್ಲೇ ಸಿಮ್ ತಗೊಂಡಳು. (ಜಾಣೆ!)

ವ್ಯವಸ್ಥೆ ಬಹಳ ಸರಳ. ದಿನಾ ಮಧ್ಯಾಹ್ನ ಆಸ್ಪತ್ರೆಯಿಂದ ಒಂದು ರೆಕಾರ್ಡೆಡ್ ಕಾಲ್ ಬರುತ್ತದೆ. "ಊಟ ಆಯ್ತಾ? ಆಗಿದ್ದರೆ ಒಂದು ಒತ್ತಿ." ಊಟ ಅಂದರೆ ಗುಳಿಗೆ. ರೋಗದ ಹೆಸರೇ ಇಲ್ಲ. ಪಕ್ಕದವರು ಕೇಳಿಸಿಕೊಂಡರೂ ಏನೂ ತಿಳಿಯುವುದಿಲ್ಲ. ಒತ್ತದಿದ್ದರೆ ಮೇಡಮ್ಮೇ ಫೋನ್ ಮಾಡುತ್ತಾರೆ. ಮೊದಮೊದಲು ನನ್ನ ತಮ್ಮ ಆ ರೆಕಾರ್ಡಿಂಗಿಗೆ, "ಆತ್ರಿ ಮೇಡಂ, ನಿಮ್ದು?" ಅಂತ ಕೇಳುತ್ತಿದ್ದನಂತೆ. ಲೇತ್ ಶಾಪಿನವರಿಗೋ ಕುತೂಹಲ. ಇವನ ಊಟದ ಬಗ್ಗೆ ಇಷ್ಟೊಂದು ಕಾಳಜಿ ಯಾರಿಗಪ್ಪಾ?

ಎಲ್ಲ ಚೆನ್ನಾಗಿ ನಡೆದಿತ್ತು. ಅಷ್ಟರಲ್ಲಿ ಹಳೇ ದೋಸ್ತಿಯೊಬ್ಬ ಶಾಪಿನ ಬಾಗಿಲಿಗೇ ಬಂದ. ಹೊಸ ನಂಬರ್ ಸಿಗದಿದ್ದರೇನು, ಆಸಾಮಿ ಸಿಕ್ಕನಲ್ಲ! ತಮ್ಮ ಅವನ ಹಿಂದೆ ಹೋದ. ಮತ್ತೆ ಚುಚ್ಚಿಕೊಂಡ.

ಮರುದಿನ ಹೊಳೆ ದಂಡೆಯಲ್ಲಿ ಒಬ್ಬನೇ ಕೂತಿದ್ದ. ರೆಕಾರ್ಡಿಂಗ್ ಬಂತು, ಒತ್ತಲಿಲ್ಲ. ಮತ್ತೆ ಚಟಕ್ಕೆ ಬಿದ್ದವನಿಗೆ ಗುಳಿಗೆ ಯಾವ ಕೇಡಿಗೆ ಎಂಬ ಲೆಕ್ಕಾಚಾರ. ಸ್ವಲ್ಪ ಹೊತ್ತಿಗೆ ಮೇಡಂ ಫೋನ್ ಬಂತು. ಎತ್ತಿದ. ಅವರು ಕೇಳುವ ಮೊದಲೇ ಇವನೇ ಬಾಯಿಬಿಟ್ಟ, "ಮತ್ತೆ ತಗಂಡೆ ಮೇಡಂ."

"ಆತು. ಅದರದ್ದು ನಾಳೆ ಮಾತಾಡಣ. ಗುಳಿಗೆ ಐತಾ ಹತ್ರ?"

"ಐತ್ರಿ."

"ನೀರು ತಗಳ್ರಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದು ತಗಂಡ ದಿನಾನೂ ಇದು ಬಿಡಬಾರ್ದು. ನಾನು ಲೈನಾಗೇ ಇರ್ತೀನಿ."

ಹತ್ತಿರದ ಚಹಾದಂಗಡಿಯಲ್ಲಿ ನೀರು ಕೇಳಿ, ಫೋನು ಕಿವಿಗೆ ಹಿಡಿದುಕೊಂಡೇ ನುಂಗಿದ. ಮರುದಿನ ಶೋಭಾಳಿಗೆ ಎಲ್ಲ ಹೇಳಿ, ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ. ಚಟದ ಚಿಕಿತ್ಸೆ ಮತ್ತೆ ಶುರು.

"ಅವತ್ತು ಅವ್ರು ಬೈದಿದ್ರೆ ಫೋನ್ ಹೊಳಿಗೆ ಒಗಿತಿದ್ದೆ. ಹಿಂದೇನೇ ನಾನೂ ಹೋಗ್ತಿದ್ದೆ" ಎಂದ ಆಟೋದಲ್ಲಿ. ನಾನು ಅವನ ಕೈ ಹಿಡಿದು ಕೂತೆ.

ಈಗ? ಇತ್ತೀಚಿನ ಪರೀಕ್ಷೆಯಲ್ಲಿ ವೈರಸ್ಸು ಕಾಣಿಸದಷ್ಟು ಕಡಿಮೆ. ಡಾಕ್ಟರು ರಿಪೋರ್ಟ್ ನೋಡಿ ಬೆನ್ನು ತಟ್ಟಿದರಂತೆ. ಮೈ ತುಂಬಿಕೊಂಡಿದೆ. ಆಮೇಲೆ ಸೂಜಿಯ ತಂಟೆಗೆ ಹೋಗಿಲ್ಲ. ಗುಳಿಗೆ ಮಾತ್ರ ತಪ್ಪುವ ಹಾಗೇ ಇಲ್ಲ, ರೋಗ ಅಡಗಿದರೂ ಅದನ್ನು ಬಿಡುವಂತಿಲ್ಲವಲ್ಲ.

ಮಗಳಿಗೆ ರ‍್ಯಾಂಕ್ ಬಂತು, ಅಳಿಯ ಕಾರು ಕೊಂಡ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇವೆ. ನನ್ನ ತಮ್ಮ ದಿನಾ ಗುಳಿಗೆ ನುಂಗುತ್ತಾನೆ ಎಂದು ನಾನೇಕೆ ಹೇಳಿಕೊಳ್ಳಬಾರದು? ಹೆದರಿಕೆ ಇಟ್ಟುಕೊಂಡೇ ಫೋನ್ ಕೊಟ್ಟ ಶೋಭಾಳ ಬಗ್ಗೆ? ಹೇಳಿಕೊಳ್ಳುತ್ತೇನೆ. ಹೆಮ್ಮೆಯಿಂದಲೇ.

ಬೆಳಗಾದರೆ ನಾವೆಲ್ಲ ಹೂವಿನ ಚಿತ್ರ ಹಾಕಿ ಮೊಬೈಲಿನಲ್ಲಿರುವ ಅಷ್ಟೂ ಜನಕ್ಕೆ ಗುಡ್ ಮಾರ್ನಿಂಗ್ ಕಳಿಸುತ್ತೇವೆ. ಸರಿ. ತಪ್ಪು ಮಾಡಿ ಕೂತ ಮನೆಯವರಿಗೆ, ಬೈಯುವುದಕ್ಕಲ್ಲದೆ, ಕೊನೆಯ ಸಲ ಫೋನ್ ಮಾಡಿದ್ದು ಯಾವಾಗ?